ಭಂಗಾರಕ್ಕೆ ಹೋದ ಷರಾ

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಯಶೋಧರಾಳ ಮನೆಗೆ ಎರಡು ಬಾಗಿಲು. ರಸ್ತೆ ಕಡೆಯದು ‘ಮೈತ್ರಿ ವಧು-ವರ ಮಾಹಿತಿ ಕೇಂದ್ರ’ದ್ದು, ಹಿತ್ತಲ ಕಡೆಯದು ಸಂಸಾರದ್ದು. ನಡುವೆ ಒಂದು ಹೂವಿನ ಪರದೆ. ಪರದೆಯ ಆಚೆ ಯಶೋಧರಾ ಮಂದಿಯ ಮದುವೆ ಕೂಡಿಸುತ್ತಿದ್ದರೆ, ಈಚೆ ಅವಳ ಅತ್ತೆ ಕಸ್ತೂರಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತಕ್ಕೆ ಹುಡುಗನ ಕಡೆಯವರು ತಮ್ಮ ಹುಡುಗನ ಸಂಬಳವನ್ನು ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಎರಡನೆಯ ಸಲ ಅದು ಒಂದೆರಡು ಸಾವಿರ ಏರಿರುತ್ತಿತ್ತು.

ಹನ್ನೊಂದು ವರ್ಷದಲ್ಲಿ ಆರುನೂರ ಚಿಲ್ಲರೆ ಹುಡುಗ-ಹುಡುಗಿಯರ ವಿವರ ಅವಳ ಕಂಪ್ಯೂಟರಿಗೆ ಇಳಿದಿತ್ತು. ಹೆಸರು, ವಯಸ್ಸು, ಎತ್ತರ, ಓದು, ಫೋಟೋ, ಫೋನ್ ನಂಬರು, ಇವೆಲ್ಲ ತೋರಿಸುವ ಮಾತು. ಕಡೆಯ ಕಾಲಂ ತೋರಿಸದ ಮಾತು. ತಹಶೀಲ ಕಚೇರಿಯ ಫಾರ್ಮಿನಲ್ಲಿ ಕಂಡ ಹೆಸರನ್ನೇ ಅವಳು ಅದಕ್ಕಿಟ್ಟಿದ್ದಳು, ‘ಷರಾ’ ಎಂದು. ಹುಡುಗನ ಅಪ್ಪ ಕುಡಿಯುತ್ತಾನೆ, ಹುಡುಗಿಗೆ ಮೊದಲೊಮ್ಮೆ ನಿಶ್ಚಯವಾಗಿ ಮುರಿದಿದೆ, ಮನೆ ಸ್ವಂತದ್ದೆಂದರೂ ಅಣ್ಣನ ಹೆಸರಲ್ಲಿದೆ ಎಂಬಂಥವೆಲ್ಲ ಅಲ್ಲಿ ಬೀಳುತ್ತಿದ್ದವು. ಷರಾ ನೋಡಿ ಜೋಡಿಸಿದ್ದಕ್ಕೇ ಅವಳು ಕೂಡಿಸಿದ ಮದುವೆಗಳು ಬಾಳುತ್ತಿದ್ದವು. ಟೈಪು ಮಾಡುವಾಗ ಅಕ್ಷರ ಅಕ್ಷರವನ್ನೂ ಬಾಯಿಬಿಟ್ಟು ಹೇಳಿಕೊಂಡೇ ಒತ್ತುವುದು ಅವಳ ರೂಢಿ; ಕು-ಡಿ-ಯು-ತ್ತಾ-ನೆ, ಹೀಗೆ.

ಹಳೆಯ ಕಂಪ್ಯೂಟರು ಮುಲುಗತೊಡಗಿ ಹೊಸದು ಬಂದ ವಾರ, ಮಗಳು ಭಾಗ್ಯಜ್ಯೋತಿ ಕಲಬುರಗಿಯ ಹಾಸ್ಟೆಲಿನಿಂದ ಮನೆಗೆ ಬಂದಳು. ಬಿಸಿಎ ಕೊನೆಯ ವರ್ಷ. ಮುಂಜಾನೆ ಎಲ್ಲರೂ ಮಂಡಕ್ಕಿಯ ಸುಸಲಾ ತಿನ್ನುತ್ತ ಕೂತಿದ್ದಾಗ ಹಳೆಯದರ ಹೊಟ್ಟೆ ಬಿಚ್ಚಿ, ಅಂಗೈಯಗಲದ ಡಬ್ಬಿಯೊಂದನ್ನು ಎತ್ತಿ ತೋರಿಸಿದಳು.

“ಹಾರ್ಡ್ ಡಿಸ್ಕು. ಇದರಾಗಿಂದೆಲ್ಲಾ ಹೊಸದಕ್ಕ ಹಾಕೇನಿ. ಇದರಾಗ ಡಿಲೀಟ್ ಹೊಡದೇನಿ.”

“ಅಂದ್ರ ಅಳಿಸಿದಿ,” ಎಂದಳು ಯಶೋಧರಾ.

“ಅಳಿಸಿಲ್ಲ ಮಮ್ಮಿ. ಡಿಲೀಟ್ ಅಂದ್ರ ಮನೀ ಮುಂದಿನ ಬೋರ್ಡ್ ಕಿತ್ತಂಗ. ಮನೀ ಅಲ್ಲೇ ಇರ್ತದ, ಒಳಗಿನ ಮಂದೀನೂ ಅಲ್ಲೇ ಇರ್ತಾರ. ಯಾರರ ಬಂದು ಬಾಗಲಾ ಬಡದ್ರ ತೆಗೀತಾರ.”

“ಹಂಗಾರ ಮಂದೀನ ಹೊರಗ ಹಾಕು.”

“ಅದಕ್ಕ ಈ ತುದಿಯಿಂದ ಆ ತುದಿತನಕ ಪೂರಾ ಸೊನ್ನಿ ಬರೀಬೇಕು. ನಾಕು ತಾಸು ಬೇಕು.”

ಅಪ್ಪ ಗುರುನಾಥ ಬಸ್ ಕಂಡಕ್ಟರು. ಯಾವ ಮಾತನ್ನೂ ರೂಟಿಗೆ ಹಚ್ಚಿಯೇ ಕೇಳುವವನು; ಆ ರೂಟಿನಲ್ಲಿ ಸೊನ್ನ ಎಂಬ ಊರೂ ಇತ್ತು. “ಸೊನ್ನಕ್ಕ ನಾಕು ತಾಸು ಯಾಕ? ನನ್ನ ಬಸ್ಸು ಮುಕ್ಕಾಲು ತಾಸಿಗೆ ಬ್ಯಾರೇಜಿನ ಮುಂದ ನಿಲ್ತದ,” ಎಂದ. ಭಾಗ್ಯಜ್ಯೋತಿ ನಗಲಿಲ್ಲ. ಇದು ನಗೆಯ ಮಾತಲ್ಲ, ಆರುನೂರು ಮಂದಿಯ ಫೋಟೋ, ಫೋನ್ ನಂಬರು, ಮೇಲೆ ಮಮ್ಮಿಯ ಷರಾ, ಯಾರ ಕೈಗೆ ಸಿಕ್ಕರೂ ಮುಗಿಯಿತು, ಈ ಡಬ್ಬಿ ಮನೆಯಲ್ಲಿ ಬಿದ್ದಿರುವಷ್ಟು ದಿನ ಡೇಂಜರ್ ಎಂದು ಒಂದೇ ಉಸಿರಿಗೆ ಹೇಳಿದಳು. ಹಾಗೆಯೇ ಹೊಸ ಕಂಪ್ಯೂಟರಿನ ಮೋರೆಗೆ ಅಂಟಿಸಿದ್ದ ಪಾಸ್‌ವರ್ಡಿನ ಚೀಟಿಯನ್ನೂ ಕಿತ್ತಳು. “ಜೈಭೀಮ್ ಒಂದು ಎರಡು ಮೂರು. ಮಮ್ಮಿ, ಈ ಓಣ್ಯಾಗ ಅರ್ಧ ಮಂದೀದು ಇದೇ ಅದ. ಉಳಿದರ್ಧ ಮಂದೀದು ಬರೇ ಒಂದು ಎರಡು ಮೂರು.”

ಕಸ್ತೂರಿಬಾಯಿ ಒಗ್ಗರಣೆಯ ಬುಟ್ಟಿ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಬಾಯಲ್ಲಿ ಅದು ಅಂದೇ ‘ಹಾರಡಿಸ್ಕು’ ಆಯಿತು. ಮದುವೆ ಮಾಡಿಸುವ ಮನೆ, ಹಾರ ಇರುವುದು ಸಹಜವೇ ಎಂದು ಯಾರೂ ತಿದ್ದಲಿಲ್ಲ. ಮಗಳಿಗೆ ಪರೀಕ್ಷೆ ಇತ್ತು. ಬರುವ ಭಾನುವಾರ ಬಂದು ಸೊನ್ನೆ ಹಾಕುವೆನೆಂದು ಹೋದಳು. ಯಶೋಧರಾ ಡಿಸ್ಕನ್ನು ಒಂದು ನೀಲಿ ಜಂಪರಿನ ತುಂಡಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ತಾನು ಅಳಿಯುವ ಮೊದಲು ಅದು ಮನೆಯವರನ್ನೆಲ್ಲ ಅಳಿಸುವುದಿತ್ತು.

ಆ ಡಿಸ್ಕಿಗೆ ಕಟ್ಟಕಡೆಗೆ ಸೇರಿದ ಹೆಸರು ರಾಧಿಕಾಳದು. ಕರಜಗಿಯವಳು, ಇಪ್ಪತ್ತಾರರ ಪ್ರಾಯ, ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರು. ಜೇವರ್ಗಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ ಮಹೇಶಕುಮಾರನಿಗೆ ಅವಳನ್ನು ತೋರಿಸಿ ಆಗಿತ್ತು. ಎರಡೂ ಕಡೆ ಮನಸ್ಸು ಬಂದಿತ್ತು. ಅದಾದ ಮೇಲೆ ಒಂದು ಮಧ್ಯಾಹ್ನ ರಾಧಿಕಾ ಒಬ್ಬಳೇ ಬಸ್ಸು ಹತ್ತಿ ಬಂದು, ಯಶೋಧರಾಳ ಮುಂದೆ ಕೂತು ನೀರು ಕುಡಿದು, ನೆಲ ನೋಡುತ್ತ ಹೇಳಿದ್ದಳು.

“ಅಕ್ಕಾರ, ನನಗ ಫಿಟ್ಸ್ ಬರ್ತಿದ್ವು. ಮಾತ್ರಿ ನಡದಾವ. ನಾಕು ವರ್ಷಾತು, ಒಂದು ಸಲಾನೂ ಬಂದಿಲ್ಲ. ಅವರಿಗೆ ನಾನೇ ಹೇಳ್ತೇನಿ. ನೀವು ಹೇಳಬ್ಯಾಡ್ರಿ. ನಮ್ಮಪ್ಪ ಅಂತೂ ಹೇಳಾಂಗೇ ಇಲ್ಲ.”

“ಮದಿವಿಗಿಂತ ಮೊದ್ಲ ಹೇಳಬೇಕು ನೋಡವ್ವಾ.”

“ಹೇಳ್ತೇನ್ರಿ. ಹೆಂಗ ಹೇಳ್ಬೇಕು ಅಂತ ಹುಡುಕಾಕತ್ತೇನಿ.”

ಯಶೋಧರಾ ಮಾತು ಕೊಟ್ಟಳು. ಅವಳು ಹೋದ ಮೇಲೆ ಷರಾದಲ್ಲಿ ಒತ್ತಿದಳು: ‘ಫಿಟ್ಸ್. ಮಾತ್ರೆ ನಡೆದಿದೆ. ನಾಲ್ಕು ವರ್ಷದಿಂದ ಬಂದಿಲ್ಲ. ತಾನೇ ಹೇಳುವಳು.’ ಇಂಥ ಮಾತು ತಾನಾಗಿ ಹೇಳಿದರೆ ಮಾತು, ಮಂದಿ ಹೇಳಿದರೆ ಮೋಸ. ಹನ್ನೊಂದು ವರ್ಷದಲ್ಲಿ ಅವಳು ಕಂಡದ್ದು ಇಷ್ಟು.

ಗುರುವಾರ ಜೇವರ್ಗಿಯಲ್ಲಿ ಮಹೇಶಕುಮಾರನ ಮನೆಯಲ್ಲಿ ಮಾತುಕತೆ. ಇವರ ಮಂದಿಯಲ್ಲಿ ಮುಹೂರ್ತದ ಕಾಟವಿಲ್ಲ. ಎಲ್ಲರಿಗೂ ರಜೆ ಇರುವ ಒಂದು ಭಾನುವಾರ ಹಿಡಿದರಾಯಿತು. ತಿಂಗಳೊಪ್ಪತ್ತಿನಾಚೆಯ ಭಾನುವಾರ ಗಟ್ಟಿಯಾಯಿತು. ಊಟಕ್ಕೆ ಕೂತಾಗ ಕಸ್ತೂರಿಬಾಯಿಯ ಫೋನು ಬಂತು. ಸಿಗ್ನಲ್ಲು ಬಂದು ಹೋಗಿ ಮಾಡುತ್ತಿತ್ತು.

“ಆ ಹಾರಡಿಸ್ಕು ಬಂಗಾರದವಗ ಕೊಟ್ಟೀನಿ. ಇನ್ನ ಮನ್ಯಾಗ ಡೇಂಜರ್ ಇಲ್ಲ. ನೀ ಆರಾಮ ಉಣ್ಣು.”

ಬಂಗಾರದ ಕೆಲಸದ ಶಂಕರಲಿಂಗನ ಹತ್ತಿರ ಯಶೋಧರಾಳ ಬೋರಮಾಳ ರಿಪೇರಿಗಿತ್ತು. ಆತನ ಅಂಗಡಿಯಲ್ಲಿ ಆಳೆತ್ತರದ ತಿಜೋರಿ ಇದೆ. ಅತ್ತೆಗೆ ಇಷ್ಟು ಬುದ್ಧಿ ಹೊಳೆದದ್ದು ಯಶೋಧರಾಳಿಗೆ ಹೆಮ್ಮೆಯೇ ಅನ್ನಿಸಿತು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಮಗಳಿಗೂ ಫೋನು ಮಾಡಿ, ಡಿಸ್ಕು ತಿಜೋರಿಯಲ್ಲಿದೆ, ನೀನು ಪರೀಕ್ಷೆ ಮುಗಿಸಿಕೊಂಡೇ ಬಾ ಎಂದಳು. ಎಂಟು ದಿನ ನಿಶ್ಚಿಂತೆಯಿಂದ ಕಳೆದವು.

ಮುಂದಿನ ಶುಕ್ರವಾರ ಬೋರಮಾಳ ತರಲು ಹೋದವಳು, ನೀಲಿ ಬಟ್ಟೆಯ ಗಂಟನ್ನೂ ಕೊಡಿರಿ ಎಂದು ಕೇಳಿದಳು. ಶಂಕರಲಿಂಗ ಕನ್ನಡಕ ಏರಿಸಿ ನೋಡಿದ. ಯಾವ ಗಂಟು? ಕಸ್ತೂರಿಬಾಯಿಯನ್ನು ಆತ ಸಂಕ್ರಾಂತಿಯ ಮೇಲೆ ನೋಡಿಯೇ ಇರಲಿಲ್ಲ. ಯಶೋಧರಾ ಬೋರಮಾಳವನ್ನು ಅಲ್ಲೇ ಮರೆತು ಮನೆಗೆ ಬಂದಳು. ಅತ್ತೆ ಪುಂಡಿಪಲ್ಯ ಸೋಸುತ್ತಿದ್ದಳು.

“ಅತ್ತಿ, ಹಾರಡಿಸ್ಕು ಯಾರಿಗೆ ಕೊಟ್ರಿ?”

“ಹೇಳೇನಲ್ಲ ಬೇ, ಬಂಗಾರದವಗ.”

“ಶಂಕರಲಿಂಗಪ್ಪಾರು ಇಲ್ಲ ಅಂತಾರ.”

“ಅವರಿಗ್ಯಾಕ ಕೊಡ್ಲಿ? ಗಾಡಿ ದೂಕೊಂಡು ಬರ್ತಾನಲ್ಲ, ಹಳೇ ಕಬ್ಬಣ, ಡಬ್ಬಿ, ಬಂಗಾರ ಅಂತ ಒದರಕೋತ. ಅವಗ. ಚೊಲೊ ಸ್ಟೀಲ್ ಚರಗಿ ಕೊಟ್ಟಾನ.”

ಈ ಕಡೆ ಗುಜರಿಗೆ ಭಂಗಾರ ಅನ್ನುತ್ತಾರೆ. ಆದರೆ ಕಸ್ತೂರಿಬಾಯಿಯ ಬಾಯಲ್ಲಿ ಮಹಾಪ್ರಾಣ ಎಂದೂ ನಿಂತದ್ದಲ್ಲ; ಸೊಸೆಯ ಹೆಸರೂ ಅಲ್ಲಿ ಯಶೋದರಾ. ತಿಜೋರಿಯೂ ತಳ್ಳುಗಾಡಿಯೂ ಅವಳಿಗೆ ಒಂದೇ ಅಕ್ಷರ. ಒಂದು ಮಹಾಪ್ರಾಣ ಹೋದದ್ದಕ್ಕೆ ಯಶೋಧರಾಳ ಪ್ರಾಣವೇ ಹೋದಂತಾಯಿತು.

“ಯಾರನ್ನ ಕೇಳಿ ಕೊಟ್ರಿ?”

“ನಿನ್ನ ಮಗಳೇ ಅಂದಾಳ, ಮನ್ಯಾಗ ಇದ್ರ ಡೇಂಜರ್ ಅಂತ. ಮನೀ ಹೊರಗ ಹಾಕೇನಿ. ತಪ್ಪೇನು?”

ಮಗಳು ಹೇಳಿದ್ದು ಹಾಗೆಯೇ ಇತ್ತು.

ಆ ಸಂಜೆ ಮನೆಯಲ್ಲಿ ಒಲೆಗಿಂತ ಬಾಯಿಗಳೇ ಹೆಚ್ಚು ಉರಿದವು. ಗುರುನಾಥ ಡ್ಯೂಟಿ ಮುಗಿಸಿ ಬಂದು, ಟಿಕೆಟ್ ಯಂತ್ರ ಗೂಟಕ್ಕೆ ಹಾಕುವ ಮೊದಲೇ ವ್ಯಾಜ್ಯ ಅವನ ಕೊರಳಿಗೆ ಬಿತ್ತು. ಅವ್ವನದು ತಪ್ಪೆಂದರೆ ಅವ್ವ ಉಣ್ಣುವುದಿಲ್ಲ, ಹೆಂಡತಿಯದೆಂದರೆ ತನಗೆ ಬಡಿಸುವವರಿಲ್ಲ. ಆತ ತಪ್ಪನ್ನು ತಳ್ಳುಗಾಡಿಯವನ ಮೇಲೆ ಹಾಕಿದ. ಹಳೆಯ ಡಬ್ಬಿ ಯಾರಾದರೂ ತೂಕಕ್ಕೆ ಹಾಕಿ ಒಡೆದಿರುತ್ತಾರೆ, ಇಷ್ಟೊತ್ತಿಗೆ ಅದು ಕಬ್ಬಿಣದ ಸರಳಾಗಿರುತ್ತದೆ ಎಂದು ಸಮಾಧಾನ ಹೇಳಿದ.

ಶನಿವಾರ ಬಂದ ಭಾಗ್ಯಜ್ಯೋತಿ ಆ ಸಮಾಧಾನವನ್ನೂ ಉಳಿಸಲಿಲ್ಲ. ಡಿಸ್ಕು ಕಬ್ಬಿಣದ ತೂಕಕ್ಕೆ ಹೋಗುವುದಿಲ್ಲ, ಬಿಡಿಯಾಗಿ ಮಾರುತ್ತಾರೆ, ಕೊಂಡವರು ಮೊದಲು ಹಚ್ಚಿ ನೋಡುತ್ತಾರೆ, ಡಿಲೀಟ್ ಹೊಡೆದದ್ದನ್ನು ಎತ್ತುವ ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆ ಎಂದಳು. ತಟ್ಟೆಯ ಮುಂದೆ ಕೂತಿದ್ದ ಯಶೋಧರಾ ರೊಟ್ಟಿ ಮುರಿದದ್ದು ಹಾಗೇ ಉಳಿಯಿತು.

ಕಸ್ತೂರಿಬಾಯಿಗೆ ಇಷ್ಟೊಂದು ಗದ್ದಲ ಯಾಕೆಂದೇ ತಿಳಿಯಲಿಲ್ಲ. “ಅದರಾಗ ಏನಿತ್ತೋ ಅದು ಬೇಕಂತಿಲ್ಲೋ ನಿಮಗ? ನನಗೆಲ್ಲಾ ಗೊತ್ತದ. ಅತನೂರ ಹುಡುಗನ ಅಪ್ಪ ಕುಡೀತಾನ. ಗತ್ತರಗಿ ಹುಡುಗಿದು ಒಂದು ನಿಶ್ಚಯ ಮುರದದ. ಕರಜಗಿ ಹುಡುಗಿಗೆ ಪಿಟ್ಸ್, ಮಾತ್ರಿ ನಡದದ, ನಾಕು ವರ್ಷಾತು ಬಂದಿಲ್ಲ, ತಾನೇ ಹೇಳ್ತಾಳ.”

ಹನ್ನೊಂದು ವರ್ಷ ಪರದೆಯ ಆಚೆ ಅಕ್ಷರ ಅಕ್ಷರವಾಗಿ ಒದರಿದ್ದೆಲ್ಲ ಈಚೆ ರೊಟ್ಟಿಯ ಜೊತೆ ಬೆಂದು ಕೂತಿತ್ತು.

“ಮಮ್ಮಿ, ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ವಿ, ನಿನ್ನ ಬಾಯಿಗೆ ಹಾಕಲಿಲ್ಲ,” ಎಂದಳು ಭಾಗ್ಯಜ್ಯೋತಿ. “ಇದು ಬಯೋಡಾಟಾ ಅಲ್ಲ, ಬಾಯಿಡಾಟಾ. ಕಸ್ತೂರಿಬಾಯಿ ಡಾಟಾ.”

“ನಗಬ್ಯಾಡ,” ಎಂದಳು ಕಸ್ತೂರಿಬಾಯಿ. “ಹನ್ನೊಂದು ವರ್ಷಾತು, ನನ್ನ ಬಾಯಿಂದ ಒಂದಾದ್ರೂ ಹೊರಗ ಬಿದ್ದದೇನು? ನಿಮ್ಮ ಡಬ್ಬಿ ವಾರದಾಗ ಓಣಿ ದಾಟ್ತು.”

ಅಂದಿನಿಂದ ಯಶೋಧರಾ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಟೈಪು ಮಾಡತೊಡಗಿದಳು.

ತಳ್ಳುಗಾಡಿಯವನು ಸಿಕ್ಕ, ಸಾಮಾನೆಲ್ಲ ಬೀಬಿಜಾನಳ ಭಂಗಾರದ ಅಂಗಡಿಗೆ ಹಾಕಿದ್ದ. ಗಂಡ ತೀರಿಕೊಂಡ ಮೇಲೆ ತಾನೇ ತಕ್ಕಡಿ ಹಿಡಿದಿದ್ದ ಬೀಬಿಜಾನ, ಯಶೋಧರಾ ನೀಲಿ ಬಟ್ಟೆ ಎನ್ನುತ್ತಲೇ ತಲೆಯಾಡಿಸಿದಳು. ಬಟ್ಟೆ ಚೊಲೊ ಇತ್ತು, ತಕ್ಕಡಿ ಒರೆಸಲು ಇಟ್ಟುಕೊಂಡಿದ್ದಳು. ಡಬ್ಬಿಯನ್ನು ಆಳಂದದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ನಿಶಾತಳಿಗೆ ಕೊಟ್ಟಿದ್ದಳು. ನಿಶಾತ ತಿಂಗಳಿಗೊಮ್ಮೆ ಬಂದು ಇಂಥವನ್ನೆಲ್ಲ ಆರಿಸಿಕೊಂಡು ಹೋಗುತ್ತಾಳೆ. “ಖರೆ ಹೇಳ್ಲೇನು ಬೆಹನ್, ಅದರಾಗ ಮಂದಿ ಬದುಕು ಇರ್ತದ ಅಂತ ನನಗ ಗೊತ್ತಿಲ್ಲ. ನಾ ಬರೇ ತೂಕ ನೋಡಾಕಿ,” ಎಂದು ನಂಬರು ಬರೆದುಕೊಟ್ಟಳು.

ನಂಬರು ಹತ್ತಲಿಲ್ಲ. ಗುರುನಾಥ ತನ್ನ ಆಳಂದ ಟ್ರಿಪ್ಪಿನಲ್ಲಿ ಇಳಿದು ನೋಡಿ ಬಂದ, ಅಂಗಡಿಗೆ ಬೀಗ. ತಂಗಿಯ ಹೆರಿಗೆಗೆಂದು ಹೈದರಾಬಾದಿಗೆ ಹೋಗಿದ್ದಾಳಂತೆ, ಆರು ದಿನ ಬಿಟ್ಟು ಬರುತ್ತಾಳಂತೆ. ಭಾಗ್ಯಜ್ಯೋತಿ ಪ್ರತಿ ಸಲ ಫೋನು ಕಿವಿಗೆ ಹಚ್ಚಿ ಕೆಳಗಿಡುವಾಗ, ಮೂಗಿನಿಂದ ಆ ಫೋನಿನ ಹೆಂಗಸಿನ ದನಿ ತೆಗೆದು, ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿಪ್ರದೇಶದ ಹೊರಗಿದ್ದಾರೆ ಎನ್ನುತ್ತಿದ್ದಳು. ಮೊದಲ ದಿನ ಅಜ್ಜಿ ನಕ್ಕಳು. ಮೂರನೆಯ ದಿನ ಯಾರೂ ನಗಲಿಲ್ಲ.

ಆ ಆರು ದಿನ ಯಶೋಧರಾಳಿಗೆ ಗುರುತಿಲ್ಲದ ನಂಬರೆಲ್ಲ ಡಿಸ್ಕಿನೊಳಗಿಂದಲೇ ಬಂದಂತೆ ಕಂಡವು. ಸಾಲ ಬೇಕೇ ಎಂದು ಕೇಳಿದವನನ್ನು, ನನ್ನ ನಂಬರು ಎಲ್ಲಿ ಸಿಕ್ಕಿತೆಂದು ಕಾಲು ತಾಸು ಬೆನ್ನುಹತ್ತಿದಳು. ಆತನೇ ಹೆದರಿ ಇಟ್ಟ. ಬುಧವಾರ ಮಹೇಶಕುಮಾರನ ತಾಯಿ ಗುರಮ್ಮ ಫೋನು ಮಾಡಿ, ಹುಡುಗಿಯದೊಂದು ವಿಷಯ ಕೇಳಬೇಕಿತ್ತು, ಫೋನಿನಲ್ಲಿ ಕೇಳಲೋ ಬೇಡವೋ ಎಂದು ಅನುಮಾನಿಸಿದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂದರೂ ಯಶೋಧರಾ ಅಲುಗಲಿಲ್ಲ. ಗುರಮ್ಮ ಕೇಳಿದ್ದು ಬಳೆಯ ಅಳತೆ.

ರಾಧಿಕಾಳಿಗೆ ತಿಳಿಸಬೇಕೋ ಬೇಡವೋ ಎಂಬುದು ದಿನಾ ಊಟದ ಹೊತ್ತಿಗೆ ತಟ್ಟೆಗೆ ಬಂದು ಬೀಳುತ್ತಿತ್ತು. ಆರುನೂರು ಮನೆಗೂ ಹೇಳಬೇಕು, ಮೊದಲು ರಾಧಿಕಾಳಿಗೆ ಹೇಳಬೇಕು ಎಂಬುದು ಭಾಗ್ಯಜ್ಯೋತಿಯ ವಾದ. ಸಿಕ್ಕರೆ ಹೇಳುವ ಕಾರಣವೇ ಇರುವುದಿಲ್ಲ, ಆಳಂದದಿಂದ ಡಿಸ್ಕು ಬರುವತನಕ ಸುಮ್ಮನಿರಿ ಎಂಬುದು ಗುರುನಾಥನದು.

“ಪಪ್ಪಾ, ಸಿಗಲಿಲ್ಲಂದ್ರ?”

“ಸಿಗಲಿಲ್ಲಂದ್ರ ನೋಡೂಣು.”

“ನೋಡೋದ್ರಾಗ ಆಕಿ ಮದಿವಿ ಮುರದಿರ್ತದ.”

“ನಿನ್ನ ಕೈಯಾಗಿಂದ ಹೋದದ್ದು. ಭಾನುವಾರ ಬರ್ತೇನಿ ಅಂದಾಕಿ ಯಾರು?” ಎಂದ ಗುರುನಾಥ.

ಹುಡುಗಿ ತಟ್ಟೆ ಸರಿಸಿ ಎದ್ದಳು. ಬಚ್ಚಲಲ್ಲಿ ನೀರು ಬಿಟ್ಟು ಅತ್ತದ್ದು ಎಲ್ಲರಿಗೂ ಕೇಳಿಸಿತು. ಯಶೋಧರಾ ಗಂಡನನ್ನು ಬೈಯಲಿಲ್ಲ, ಮಗಳನ್ನು ಕರೆಯಲಿಲ್ಲ. ರಾಧಿಕಾಳ ನಂಬರು ತೆಗೆದು ನೋಡಿ ಮತ್ತೆ ಸೆರಗಿನ ಕೆಳಗೆ ಇಟ್ಟುಕೊಂಡಳು. ಏನೆಂದು ಹೇಳಬೇಕು ಎನ್ನುವುದು ಅವಳಿಗೂ ಸಿಗುತ್ತಿರಲಿಲ್ಲ.

ಏಳನೆಯ ದಿನ ಫೋನು ಹತ್ತಿತು. ಅಂಗಡಿ ತೆಗೆದಿದೆ, ಬೀಬಿಜಾನ ಕೊಟ್ಟ ಡಿಸ್ಕು ಇನ್ನೂ ಇಲ್ಲೇ ಇದೆ ಎಂದಳು ನಿಶಾತ. ಮುಂಜಾನೆ ಒಂಬತ್ತಕ್ಕೆ ತಾಯಿ-ಮಗಳು ಗುರುನಾಥನ ಬಸ್ಸಿನಲ್ಲೇ ಆಳಂದಕ್ಕೆ ಹೊರಟರು. ಕಸ್ತೂರಿಬಾಯಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ಬೇಕಾದರೆ ಚರಿಗೆಯನ್ನೂ ವಾಪಸು ಒಯ್ಯಿರಿ ಎಂದಳು.

ನಿಶಾತ ಮೂವತ್ತರ ಹೆಂಗಸು. ಅಂಗಡಿ ಎಂದರೆ ಒಂದು ಟೇಬಲ್ಲು, ಗೋಡೆಯ ತುಂಬ ಬಿಚ್ಚಿದ ಲ್ಯಾಪ್‌ಟಾಪು. ಡಿಸ್ಕನ್ನು ಆಗಲೇ ತಂತಿಗೆ ಹಚ್ಚಿದ್ದಳು. ತಾನು ಯಾವುದನ್ನೂ ಸೊನ್ನೆ ಹಾಕದೆ ಮಾರುವುದಿಲ್ಲ ಎಂದಳು. ಆದರೆ ಮಾರುವ ಮೊದಲು ಡಿಸ್ಕು ಸರಿಯಿದೆಯೇ ಎಂದು ನೋಡಲೇಬೇಕು, ನೋಡಲು ಒಂದು ಫೈಲು ಎತ್ತಿ ತೆಗೆಯಲೇಬೇಕು.

“ಯಾವ ಫೈಲು ತೆಗದ್ರಿ?” ಎಂದಳು ಯಶೋಧರಾ.

ನಿಶಾತ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದಳು. “ಕಡೀದ್ದು. ಓದೇನಿ ಅಕ್ಕಾ, ಸುಳ್ಳ್ಯಾಕ ಹೇಳ್ಲಿ. ಯಾರಂತ ನನಗ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ.”

ಪರದೆಯ ಮೇಲೆ ರಾಧಿಕಾಳ ಹೆಸರು, ಬದಿಗೆ ಆ ನಾಲ್ಕು ಮಾತು, ತಾನು ಒತ್ತಿದ ಹಾಗೆಯೇ. ಡಿಲೀಟಿಗೆ ಅದರ ಒಂದು ಕೊಂಬೂ ಕೊಂಕಿರಲಿಲ್ಲ. ಸೊನ್ನೆ ಶುರು ಮಾಡಲೇ ಎಂದು ನಿಶಾತ ಕೇಳಿದಳು. ಯಶೋಧರಾ ಒಂದು ನಿಮಿಷ ಎಂದು ಕೈ ಅಡ್ಡ ಮಾಡಿ, ಫೋನು ತೆಗೆದಳು. ಈಗ ಅಳಿಸಿ ಮನೆಗೆ ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗಂಡ ಹೇಳಿದ್ದೂ ಅದೇ. ಆದರೆ ಗುರುತಿಲ್ಲದ ಒಬ್ಬಳು ಆಗಲೇ ಓದಿದ್ದಳು. ಓದಿದೆ ಎಂದು ಮುಖ ನೋಡಿ ಹೇಳಿಯೂ ಇದ್ದಳು.

ರಾಧಿಕಾ ಶಾಲೆಯ ಬಿಡುವಿನಲ್ಲಿದ್ದಳು; ಹಿಂದೆ ಮಕ್ಕಳ ಕೂಗಾಟ. ಯಶೋಧರಾ ಕಪಾಟಿನಿಂದ ಹಿಡಿದು ಆಳಂದದವರೆಗೆ ಎಲ್ಲವನ್ನೂ ಹೇಳಿದಳು. ಆಚೆಯ ಕೂಗಾಟ ಸಣ್ಣದಾಯಿತು. ಹುಡುಗಿ ಎಲ್ಲೋ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

“ನಾ ನಿಮಗ ಹೇಳಿದ್ನಿ ಅಕ್ಕಾರ. ಕಂಪ್ಯೂಟರಿಗೆ ಹೇಳಿದ್ದಿಲ್ಲ.”

“ಹೌದವ್ವಾ.”

“ಬರ್ಕೋತೇನಿ ಅಂತ ಒಂದು ಮಾತು ಕೇಳಬಾರದೇನ್ರಿ?”

“ಕೇಳಬೇಕಿತ್ತು.”

ಫೋನು ಕಟ್ಟಾಯಿತೇನೋ ಎಂದು ಯಶೋಧರಾ ಎರಡು ಸಲ ನೋಡಿಕೊಂಡಳು.

“ಏನು ಬರದೀರಿ? ಓದ್ರಿ.”

ಯಶೋಧರಾ ಓದಿದಳು. ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಆಕೆ ಏನನ್ನೂ ಓದಿರಲಿಲ್ಲ. ರಾಧಿಕಾ ಇನ್ನೊಮ್ಮೆ ಓದಿಸಿದಳು.

“ಇಷ್ಟೇ ಏನ್ರಿ?” ಎಂದಳು. “ಮೂರು ವಾರ ಆತು, ಫೋನ್ ಹಿಡ್ಕೊಂಡು ಕೂಡ್ತೇನಿ. ಬರೀತೇನಿ, ಅಳಸ್ತೇನಿ. ಸಣ್ಣಾಕಿದ್ದಾಗ ಬಿದ್ದದ್ದರಿಂದ ಶುರು ಮಾಡ್ತೇನಿ, ಅಳು ಬರ್ತದ, ಬಿಡ್ತೇನಿ. ನೀವು ನಾಕು ಮಾತಿನಾಗ ಮುಗಿಸೀರಿ. ಅದರದೊಂದು ಫೋಟೋ ಹೊಡದು ಕಳಸ್ರಿ.”

“ಯಾಕವ್ವಾ?”

“ಅವರಿಗೆ ಕಳಸ್ತೇನಿ.”

ನಿಶಾತ ಬೇರೆ ಯಾರ ಹೆಸರೂ ಕಾಣದಂತೆ ಆ ಒಂದು ಸಾಲನ್ನಷ್ಟೇ ದೊಡ್ಡದು ಮಾಡಿದಳು. ಭಾಗ್ಯಜ್ಯೋತಿ ಫೋಟೋ ಹೊಡೆದು ಕಳಿಸಿದಳು. ಅಳಿಸಲೆಂದು ಅರವತ್ತು ಕಿಲೋಮೀಟರು ಬಂದ ಮಾತು ಅವರ ಕೈಯಿಂದಲೇ ಹೊರಟಿತು. ಆಮೇಲೆ ಸೊನ್ನೆ ಶುರುವಾಯಿತು.

ಅದು ನೂರರವರೆಗೆ ಎಣಿಸುವ ಕೆಲಸ. ಮೂರು, ನಾಲ್ಕು, ಏಳು. ಯಶೋಧರಾ ಸ್ಟೂಲಿನ ಮೇಲೆ ಕೂತು ಅಂಕಿಯನ್ನೇ ನೋಡಿದಳು. ಹೊಸ ಕಂಪ್ಯೂಟರಿನ ಡಿಸ್ಕಿಗೆ ಮೊದಲೇ ಬೀಗ ಹಾಕಿಟ್ಟರೆ ಕಳುವಾದರೂ ಓದಲಾಗುವುದಿಲ್ಲ ಎಂದು ನಿಶಾತ ಭಾಗ್ಯಜ್ಯೋತಿಗೆ ಹೇಳಿಕೊಡುತ್ತಿದ್ದಳು. ಇವಳ ಕಿವಿಗೆ ಹೋಗಲಿಲ್ಲ. ಮೂವತ್ತಾರಕ್ಕೆ ರಾಧಿಕಾಳ ಮೆಸೇಜು ಬಂತು, ‘ನೋಡ್ಯಾರ’. ಅಷ್ಟೇ. ಐವತ್ತಕ್ಕೆ ರೊಟ್ಟಿ ಬಿಚ್ಚಿದರು. ನಿಶಾತ ಹಿಂಡಿಗೆ ಹೊಗಳಿಕೆ ಕೊಟ್ಟು ಎರಡು ರೊಟ್ಟಿ ತಿಂದಳು. ಯಶೋಧರಾ ಒಂದು ತುತ್ತನ್ನು ನೀರಿನೊಂದಿಗೆ ನುಂಗಿದಳು. ಅರವತ್ತೈದು. ಎಪ್ಪತ್ತು. ಜೇವರ್ಗಿಯಿಂದ ಏನೂ ಇಲ್ಲ.

ಎಂಬತ್ತೆರಡಕ್ಕೆ ಅವಳ ಫೋನು ಬಡಿದುಕೊಂಡಿತು. ಮಹೇಶಕುಮಾರ. ಹಿಂದೆ ಮೋಟಾರಿನ ಸದ್ದಿರಲಿಲ್ಲ. ಅಂಗಡಿ ನಿಲ್ಲಿಸಿ ಮಾತಾಡುತ್ತಿದ್ದ.

“ಅಕ್ಕಾರ, ರಾಧಿಕಾ ಒಂದು ಫೋಟೋ ಕಳಸ್ಯಾರ. ಆ ಕಾಲಂ ಹೆಸರು ಏನ್ರಿ?”

“ಷರಾ.”

“ನಂದೂ ಅದನೇನ್ರಿ ಅದರಾಗ?”

ಯಶೋಧರಾ ಅಂಕಿ ನೋಡಿದಳು. ಅವನ ಹೆಸರು ಇಷ್ಟೊತ್ತಿಗೆ ಸೊನ್ನೆಯಾಗಿರಬಹುದು. ಇಲ್ಲ ಎಂದರೂ ನಡೆಯುತ್ತಿತ್ತು.

“ಅದ,” ಎಂದಳು.

“ಏನಂತ?”

“ಎಡಗಿವಿ ಕೇಳಿಸದು. ಹೇಳಿಲ್ಲ.”

ಆಚೆಯಿಂದ ಒಂದು ಸಣ್ಣ ನಗೆ, ನಗೆಯೋ ಕೆಮ್ಮೋ.

“ನಮ್ಮವ್ವ ಹೇಳಿದ್ಲೇನು?”

“ಯಾರು ಹೇಳಿದ್ರು ಅಂತ ಷರಾದಾಗ ಬರಿಯಾಂಗಿಲ್ಲಪ್ಪಾ.”

“ಆಕಿಗೆ ಗೊತ್ತದನು?”

“ಇಲ್ಲ.”

“ಎರಡು ತಾಸಾತು ಆಕಿದು ಓದಿ. ಏನು ಬರೀಬೇಕು ತಿಳೀವಲ್ದು. ಬಾಯಿಬಿಟ್ಟು ಹೇಳ್ಯಾಳ, ನಾ ಮುಚ್ಚಿಕೊಂಡು ಕುಂತೇನಿ. ನಂದೂ ಹಂಗೇ ಫೋಟೋ ಹೊಡದು ಆಕಿಗೆ ಕಳಸ್ರಿ. ಮೊದ್ಲ ಅದು ಹೋಗ್ಲಿ. ಆಮ್ಯಾಲ ನಾನು ಮಾತಾಡ್ತೇನಿ.”

ಡಿಸ್ಕಿನಿಂದ ತೆಗೆಯುವುದು ಇನ್ನು ಆಗದ ಮಾತು. ಮನೆಯ ಕಂಪ್ಯೂಟರು ಅಫಜಲಪುರದಲ್ಲಿ. ಯಶೋಧರಾ ನಿಶಾತಳ ಬಿಲ್ ಬುಕ್ಕಿನಿಂದ ಒಂದು ಹಾಳೆ ಹರಿದು ಬೆನ್ನಿಗೆ ಬರೆದಳು, ‘ಎಡಗಿವಿ ಕೇಳಿಸದು.’ ಪೆನ್ನು ನಿಂತಿತು. ಹೇಳಿಲ್ಲ ಎಂದು ಬರೆಯಲು ಹೋದವಳು ‘ಹೇಳಿದ್ದಾನೆ’ ಎಂದು ಬರೆದಳು. ಭಾಗ್ಯಜ್ಯೋತಿ ಫೋಟೋ ಹೊಡೆದಳು.

ನೂರು ಮುಟ್ಟಿದ ಮೇಲೆ ನಿಶಾತ ಡಿಸ್ಕು ಬಿಚ್ಚಿದಳು. ಅದರಲ್ಲಿ ಇನ್ನು ಯಾರೂ ಇರಲಿಲ್ಲ. ನೀನೇ ಇಟ್ಟುಕೋ ಎಂದು ಯಶೋಧರಾ ಕೊಟ್ಟುಬಿಟ್ಟಳು. ಕೈಯಲ್ಲಿದ್ದ ಹಾಳೆಯನ್ನು ಹರಿದಳು. ಎರಡು, ನಾಲ್ಕು, ಎಂಟು, ಇನ್ನು ಹರಿಯಲು ಬಾರದಷ್ಟು. ಟೇಬಲ್ಲಿನ ಕೆಳಗೆ ಕಸದ ಬುಟ್ಟಿ ಇತ್ತು. ಅದನ್ನು ನೋಡಿದಳು, ಒಗೆಯಲಿಲ್ಲ.

ಬಸ್ಸಿನಲ್ಲಿ ಗುರುನಾಥ ಟಿಕೆಟ್ ಯಂತ್ರ ಹಿಡಿದು ಬಂದು, ಹೆಂಡತಿಯ ಬಿಗಿದ ಮುಷ್ಟಿ ನೋಡಿ, ಅದರಲ್ಲೇನು ಎಂದು ಕೇಳಿದ.

“ಏನಿಲ್ಲ. ಎರಡು ಟಿಕೀಟು ಕೊಡ್ರಿ,” ಎಂದಳು.

ಊರು ದಾಟಿದ ಮೇಲೆ ಭಾಗ್ಯಜ್ಯೋತಿ ಬಾಯಿ ತೆರೆಯದೆ ಫೋನನ್ನು ತಾಯಿಯ ಕಡೆ ತಿರುಗಿಸಿದಳು. ರಾಧಿಕಾ ಬರೆದಿದ್ದಳು: ‘ಅಕ್ಕಾರ, ಮದಿವ್ಯಾಗ ನಾ ಅವರ ಬಲಗಡಿ ಕೂಡ್ತೇನಿ ಅಂತ ಹೇಳ್ರಿ.’

ಒಂದು ಕೈ ಮುಷ್ಟಿಯಾಗಿತ್ತು. ಯಶೋಧರಾ ಇನ್ನೊಂದರ ಹೆಬ್ಬೆರಳಿನಿಂದ, ತುಟಿ ಮುಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು:

‘ನೀನೇ ಹೇಳು.’